ವಿಕಲಚೇತನ ಮಗುವಿನ ಹೆಸರಿನಲ್ಲೊಂದು ಕಡತವಿರಲಿ

ಪ್ರತಿಯೊಂದು ಮನೆಯಲ್ಲೂ ಕಾಗದ ಪತ್ರಗಳಿಗೆಂದು ಒಂದು ಜಾಗವಿರುತ್ತದೆ. ಕಪಾಟಿನ ಮೇಲಿನ ಅರೆಯಲ್ಲೋ ಹಳೆಯ ಸೂಟ್‌ಕೇಸಿನಲ್ಲೋ ಮನೆಯ ದಾಖಲೆ, ರೇಶನ್ ಕಾರ್ಡು, ಪಾಸ್‌ಪೋರ್ಟಿನ ಪ್ರತಿ, ಮಕ್ಕಳ ಅಂಕಪಟ್ಟಿ, ನಿಕಾಹ್‌ನಾಮಾ ಎಲ್ಲವೂ ಜೋಪಾನವಾಗಿರುತ್ತವೆ. ಆದರೆ ಅದೇ ಮನೆಯಲ್ಲಿ ಕಿವಿ ಕೇಳಿಸದ ಮಗಳೋ, ನಡೆಯಲಾಗದ ಮಗನೋ ಇದ್ದರೆ ಆ ಮಗುವಿನ ಹೆಸರಿನಲ್ಲಿ ಎಷ್ಟು ಕಾಗದಗಳಿವೆ ಎಂದು ಕೇಳಿ ನೋಡಿ. ಕೆಲವು ಔಷಧಿ ಚೀಟಿಗಳು, ಒಂದು ಹಳೆಯ ಎಕ್ಸ್‌ರೇ. ಹೆಚ್ಚಿನ ಮನೆಗಳಲ್ಲಿ ಅಷ್ಟೇ.

ಇದಕ್ಕೆ ಕಾರಣಗಳು ಹಲವು. "ನಮ್ಮ ಮಗುವಿಗೆ ಅಂಗವಿಕಲ ಎಂಬ ಮುದ್ರೆ ಏಕೆ?" ಎಂದು ಕೆಲವರು ಅಳುಕುತ್ತಾರೆ. ಉಳಿದ ಹೆಣ್ಣು ಮಕ್ಕಳ ಮದುವೆಗೆ ತೊಡಕಾದೀತೆಂದು ಕೆಲವರು ವಿಷಯವನ್ನೇ ಹೊರಗೆ ಬಿಡುವುದಿಲ್ಲ. "ಒಂದು ತುತ್ತು ಅನ್ನ ಹಾಕಲು ನಮ್ಮಿಂದಾಗದೇ, ಸರಕಾರದ ಮುಂದೆ ಕೈ ಚಾಚಬೇಕೇ?" ಎಂಬ ಸ್ವಾಭಿಮಾನ ಇನ್ನು ಕೆಲವರದು. ಗಂಡ ದೂರದ ಊರಿನಲ್ಲೋ ಕೊಲ್ಲಿ ದೇಶದಲ್ಲೋ ದುಡಿಯುತ್ತಿದ್ದರೆ ಕಚೇರಿಗೆ ಅಲೆಯುವವರು ಯಾರು ಎಂಬ ಚಿಂತೆ ಬೇರೆ. ಈ ಮಧ್ಯೆ ವರ್ಷಗಳು ಉರುಳುತ್ತವೆ. ಮಗು ದೊಡ್ಡದಾಗುತ್ತದೆ, ತಾಯಿಗೆ ವಯಸ್ಸಾಗುತ್ತದೆ. ಆಗ ಎಲ್ಲ ತಾಯಂದಿರನ್ನೂ ಕಾಡುವ ಒಂದೇ ಪ್ರಶ್ನೆ: "ನನ್ನ ನಂತರ ಈ ಮಗುವಿಗೆ ಯಾರು?"

ಈ ಪ್ರಶ್ನೆಗೆ ಕಾಗದವೊಂದೇ ಉತ್ತರವಲ್ಲ ನಿಜ. ಆದರೆ ಕಾಗದವಿಲ್ಲದಿದ್ದರೆ ಉತ್ತರ ಹುಡುಕುವುದು ಹಲವು ಪಟ್ಟು ಕಷ್ಟ. ಸರಕಾರದ ದಾಖಲೆಯಲ್ಲಿ ಇಲ್ಲದ ವಿಕಲಚೇತನರು ಕಾನೂನಿನ ಕಣ್ಣಿಗೆ ಕಾಣುವುದಿಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದರು. ದೇಶದ ಲೆಕ್ಕದಲ್ಲಿ ಮಹಿಳೆಯರು 1.18 ಕೋಟಿ. ಮನೆಯವರು ಹೇಳಿದರಷ್ಟೇ ಗಣತಿದಾರರಿಗೆ ಗೊತ್ತಾಗುವ ವಿಷಯವಿದು. ಬಾಗಿಲ ಹಿಂದೆ ಉಳಿದವರು ಲೆಕ್ಕದಿಂದಲೂ ಹೊರಗುಳಿಯುತ್ತಾರೆ.

ಭಿಕ್ಷೆಯಲ್ಲ, ಹಕ್ಕು

ಮೊದಲು ಮನಸ್ಸಿನ ಅಳುಕನ್ನು ನಿವಾರಿಸಿಕೊಳ್ಳೋಣ. ವಿಕಲಚೇತನರಿಗೆ ಸರಕಾರ ನೀಡುವ ಸವಲತ್ತು ಝಕಾತೂ ಅಲ್ಲ, ಸದಕವೂ ಅಲ್ಲ. ಅದು ಸಂಸತ್ತು ಮಾಡಿದ ಕಾನೂನು ನೀಡಿರುವ ಹಕ್ಕು. ಅಂಗಡಿಯಲ್ಲಿ ಒಂದು ಸಾಬೂನು ಕೊಂಡರೂ ನಾವು ತೆರಿಗೆ ಕಟ್ಟುತ್ತೇವೆ. ಆ ತೆರಿಗೆಯಲ್ಲಿ ನಮ್ಮ ಮಗುವಿನ ಪಾಲೂ ಇದೆ. ಉಳ್ಳವರು ಮಾಸಿಕ ವೇತನ ಬೇಡವೆಂದರೆ ಬಿಡಬಹುದು. ಆದರೆ ಪ್ರಮಾಣಪತ್ರ ಬೇಡವೆನ್ನುವುದು ಮಗುವಿನ ಹಕ್ಕನ್ನು ನಾವೇ ಬಿಟ್ಟುಕೊಟ್ಟಂತೆ. ಶಾಲೆ, ಪರೀಕ್ಷೆ, ಉದ್ಯೋಗ, ಪ್ರಯಾಣ, ಪೋಷಕತ್ವ ಎಲ್ಲಕ್ಕೂ ಅದೇ ಆಧಾರ.

1995ರ ಕಾನೂನು ಅಂಗವೈಕಲ್ಯದ ಕೇವಲ 7 ವಿಧಗಳನ್ನು ಗುರುತಿಸಿತ್ತು. ಅದರ ಜಾಗಕ್ಕೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ವಿಧಗಳನ್ನು ಪಟ್ಟಿ ಮಾಡಿದೆ. ಈ ಕಾಯಿದೆ 2017ರ ಎಪ್ರಿಲ್ 19ರಿಂದ ಜಾರಿಯಲ್ಲಿದೆ. ಕಣ್ಣು, ಕಿವಿ, ಕೈಕಾಲುಗಳ ನ್ಯೂನತೆ ಎಲ್ಲರಿಗೂ ಗೊತ್ತು. ಆದರೆ ಬುದ್ಧಿಮಾಂದ್ಯತೆ, ಮಾನಸಿಕ ಕಾಯಿಲೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಸ್ನಾಯುಗಳು ಕ್ಷೀಣಿಸುವ ಮಸ್ಕ್ಯುಲರ್ ಡಿಸ್ಟ್ರೋಫಿ, ಕುಬ್ಜತೆ, ಮಾತು ಮತ್ತು ಭಾಷೆಯ ತೊಂದರೆ, ಕಲಿಕಾ ನ್ಯೂನತೆ, ಪಾರ್ಕಿನ್ಸನ್ ಕಾಯಿಲೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಕೂಡ ಈ ಪಟ್ಟಿಯಲ್ಲಿವೆ ಎಂಬುದು ಹಲವರಿಗೆ ತಿಳಿದಿಲ್ಲ. ಮತ್ತೆ ಮತ್ತೆ ರಕ್ತ ಕೊಡಿಸಬೇಕಾಗುವ ಥಲಸ್ಸೇಮಿಯಾ, ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ, ಸಿಕಲ್ ಸೆಲ್ ಕಾಯಿಲೆಯೂ ಸೇರಿವೆ. ಆಸಿಡ್ ದಾಳಿಗೆ ತುತ್ತಾದವರನ್ನೂ ಕಾನೂನು ಈ ಪಟ್ಟಿಯಲ್ಲಿ ಸೇರಿಸಿದೆ. ಆದ್ದರಿಂದ "ನನ್ನ ಮಗ ನಡೆಯುತ್ತಾನೆ, ನೋಡುತ್ತಾನೆ, ಅವನಿಗೆ ಹೇಗೆ ಸಿಗುತ್ತದೆ?" ಎಂದು ನೀವೇ ತೀರ್ಮಾನಿಸಿಬಿಡಬೇಡಿ.

ಹೆಚ್ಚಿನ ಸವಲತ್ತುಗಳಿಗೆ ನ್ಯೂನತೆಯ ಪ್ರಮಾಣ ಶೇ. 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಅಂತಹ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5, ಸರಕಾರಿ ಉದ್ಯೋಗದಲ್ಲಿ ಶೇ. 4 ಮೀಸಲಾತಿಯಿದೆ. ವಸತಿ ಮತ್ತು ಬಡತನ ನಿರ್ಮೂಲನ ಯೋಜನೆಗಳಲ್ಲಿ ಶೇ. 5ರಷ್ಟು ಮೀಸಲಿಡಬೇಕು, ಅದರಲ್ಲಿಯೂ ಮಹಿಳೆಯರಿಗೆ ಆದ್ಯತೆ ನೀಡಬೇಕು ಎಂದು ಕಾಯಿದೆ ಹೇಳುತ್ತದೆ.

ಮೊದಲ ಮೆಟ್ಟಿಲು ಯುಡಿಐಡಿ

ಹಿಂದೆ ಜಿಲ್ಲಾಸ್ಪತ್ರೆಯಲ್ಲಿ ಕೈಬರಹದ ಪ್ರಮಾಣಪತ್ರ ಕೊಡುತ್ತಿದ್ದರು. ಅದಕ್ಕೊಂದು ಫೋಟೋ ಅಂಟಿಸಿ ಮೊಹರು ಒತ್ತಿದರೆ ಆಯಿತು. 2021ರ ಜೂನ್ 1ರಿಂದ ದೇಶದಾದ್ಯಂತ ಅಂಗವೈಕಲ್ಯ ಪ್ರಮಾಣಪತ್ರವನ್ನು ಆನ್‌ಲೈನ್ ಮೂಲಕವೇ ನೀಡಬೇಕೆಂಬ ನಿಯಮ ಬಂದಿದೆ. ಕೇಂದ್ರ ಸರಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ಪ್ರಮಾಣಪತ್ರದೊಂದಿಗೆ ಯುಡಿಐಡಿ ಎಂಬ ವಿಶಿಷ್ಟ ಗುರುತಿನ ಚೀಟಿ ಸಿಗುತ್ತದೆ. ಇದು ದೇಶದಾದ್ಯಂತ ಮಾನ್ಯ. ಮದುವೆಯಾಗಿ ಬೇರೆ ರಾಜ್ಯಕ್ಕೆ ಹೋದರೂ, ಕೆಲಸಕ್ಕೆಂದು ಕುಟುಂಬ ಮುಂಬೈಗೋ ಹೈದರಾಬಾದಿಗೋ ವಲಸೆ ಹೋದರೂ ಹೊಸ ಪ್ರಮಾಣಪತ್ರ ಬೇಕಿಲ್ಲ.

ಅರ್ಜಿ ತುಂಬುವುದು ಅಷ್ಟೇನೂ ಕಷ್ಟವಲ್ಲ. ಹೆಸರು, ವಿಳಾಸ, ಆಧಾರ್ ವಿವರ, ಅಂಗವೈಕಲ್ಯದ ವಿಧ, ತಪಾಸಣೆಗೆ ಹೋಗಬೇಕಾದ ಆಸ್ಪತ್ರೆ ಇವನ್ನು ನಮೂದಿಸಿ, ಇತ್ತೀಚಿನ ಫೋಟೋ ಮತ್ತು ಆಧಾರ್ ಪ್ರತಿಯನ್ನು ಸೇರಿಸಬೇಕು. ಮಗು ಅಪ್ರಾಪ್ತ ವಯಸ್ಸಿನದ್ದಾಗಿದ್ದರೆ, ಅಥವಾ ತಾನೇ ಅರ್ಜಿ ಹಾಕಲಾಗದ ಸ್ಥಿತಿಯಲ್ಲಿದ್ದರೆ ಪೋಷಕರು ಅರ್ಜಿ ಸಲ್ಲಿಸಬಹುದು. ಸ್ಮಾರ್ಟ್ ಫೋನಿನಲ್ಲಿ ಸ್ವತಃ ಮಾಡಬಹುದು, ಇಲ್ಲವೇ ಗ್ರಾಮ ಒನ್, ಕರ್ನಾಟಕ ಒನ್‌ನಂತಹ ಸೇವಾ ಕೇಂದ್ರಗಳಲ್ಲಿ ವಿಚಾರಿಸಬಹುದು. ಅರ್ಜಿ ಪೂರ್ಣಗೊಂಡೊಡನೆ ಒಂದು ನೋಂದಣಿ ಸಂಖ್ಯೆ ಸಿಗುತ್ತದೆ. ಮುಂದೆ ಅರ್ಜಿ ಎಲ್ಲಿಗೆ ತಲುಪಿದೆ ಎಂದು ತಿಳಿಯಲು ಅದೇ ಕೀಲಿಕೈ. ಅದನ್ನು ಕೂಡಲೇ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಸೇವಾ ಕೇಂದ್ರದವರ ಫೋನ್ ನಂಬರ್ ಕೊಡದೆ ನಿಮ್ಮದೇ ನಂಬರ್ ಕೊಡಿ. ಇಲ್ಲದಿದ್ದರೆ ಆಸ್ಪತ್ರೆಗೆ ಬರಬೇಕಾದ ದಿನಾಂಕದ ಸಂದೇಶ ಇನ್ನಾರದೋ ಫೋನಿಗೆ ಹೋಗಿ ಅಲ್ಲೇ ಉಳಿಯುತ್ತದೆ.

ಹಳೆಯ ಕೈಬರಹದ ಪ್ರಮಾಣಪತ್ರವಿದ್ದವರು ಅದನ್ನು ಎಸೆಯಬಾರದು. ಹೊಸ ಅರ್ಜಿಯೊಂದಿಗೆ ಅದನ್ನೂ ಸೇರಿಸಬೇಕು. ಕಾರ್ಡು ಕೈಸೇರಿದ ಮೇಲೂ ಅದು ಕಡತದಲ್ಲಿರಲಿ.

ಆಸ್ಪತ್ರೆಯ ದಿನ

ಆನ್‌ಲೈನ್ ಎಂದರೆ ಮನೆಯಲ್ಲೇ ಕುಳಿತು ಎಲ್ಲವೂ ಮುಗಿಯಿತೆಂದು ಭಾವಿಸಬಾರದು. ಅರ್ಜಿ ಮಾತ್ರ ಆನ್‌ಲೈನ್, ತಪಾಸಣೆಗೆ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಬಹಳಷ್ಟು ಅರ್ಜಿಗಳು ಅರ್ಧದಲ್ಲಿ ನಿಲ್ಲುವುದು ಇಲ್ಲಿಯೇ. ನೀವು ವಾಸವಿರುವ ಜಿಲ್ಲೆಯ ವೈದ್ಯಕೀಯ ಪ್ರಾಧಿಕಾರ ಮಾತ್ರವಲ್ಲ, ಮಗು ಚಿಕಿತ್ಸೆ ಪಡೆಯುತ್ತಿರುವ ಸರಕಾರಿ ಆಸ್ಪತ್ರೆಯ ಪ್ರಾಧಿಕಾರಕ್ಕೂ ಅರ್ಜಿ ಸಲ್ಲಿಸಲು ನಿಯಮದಲ್ಲಿ ಅವಕಾಶವಿದೆ.

ವೈದ್ಯರು ಕಣ್ಣಿಂದ ನೋಡಿ ಶೇಕಡಾವಾರು ಬರೆದುಬಿಡುವುದಿಲ್ಲ. ಕಿವುಡುತನಕ್ಕೆ ಶ್ರವಣ ಪರೀಕ್ಷೆ, ಬುದ್ಧಿಮಾಂದ್ಯತೆಗೆ ಬುದ್ಧಿಮಟ್ಟದ ಪರೀಕ್ಷೆ ನಡೆಯಬೇಕಾಗುತ್ತದೆ. ಇಂತಹ ಪರೀಕ್ಷೆಯ ಸೌಲಭ್ಯ ಸ್ಥಳೀಯವಾಗಿ ಇಲ್ಲದಿದ್ದಾಗ ದೊಡ್ಡ ಸಂಸ್ಥೆಗಳಿಗೆ ಕಳುಹಿಸುವುದುಂಟು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ನಮ್ಮ ರಾಜ್ಯದಲ್ಲೇ ಇರುವುದು ಒಂದು ಅನುಕೂಲ. ಹಿಂದಿನ ಚಿಕಿತ್ಸೆಯ ಎಲ್ಲ ಚೀಟಿ, ಸ್ಕ್ಯಾನ್, ಡಿಸ್ಚಾರ್ಜ್ ಸಮ್ಮರಿಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿ ಒಯ್ಯಿರಿ. ಮಗು ಹುಟ್ಟಿದಾಗ ಏನಾಯಿತು, ಮೊದಲ ಬಾರಿ ಫಿಟ್ಸ್ ಬಂದದ್ದು ಯಾವಾಗ, ಸ್ವತಃ ಊಟ, ಸ್ನಾನ, ಬಟ್ಟೆ ಯಾವುದನ್ನು ಮಾಡಿಕೊಳ್ಳಬಲ್ಲದು, ಯಾವುದಕ್ಕೆ ಸಹಾಯ ಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ವೈದ್ಯರ ಮುಂದೆ ಮಗುವಿನ ಬಗ್ಗೆ ಕೀಳಾಗಿ ಹೇಳಬಾರದೆಂದು ಕೆಲವು ತಾಯಂದಿರು "ಎಲ್ಲ ಮಾಡಿಕೊಳ್ಳುತ್ತಾಳೆ" ಎಂದುಬಿಡುತ್ತಾರೆ. ಆ ಒಂದು ಮಾತು ಪ್ರಮಾಣಪತ್ರದ ಅಂಕಿಯನ್ನು ಇಳಿಸಬಹುದು. ಹೆಚ್ಚಿಸಿಯೂ ಹೇಳಬೇಡಿ, ಮರೆಮಾಚಿಯೂ ಹೇಳಬೇಡಿ. ಇದ್ದದ್ದನ್ನು ಇದ್ದಂತೆ ಹೇಳಿ.

2024ರ ಅಕ್ಟೋಬರ್‌ನಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ ಪ್ರಮಾಣಪತ್ರ ಮತ್ತು ಕಾರ್ಡು ನೀಡಲು 3 ತಿಂಗಳ ಗಡುವಿದೆ. ಮೊದಲು ಇದು ಒಂದು ತಿಂಗಳಿತ್ತು. ಅರ್ಜಿದಾರರು ತಪಾಸಣೆಗೆ ಬಾರದೆ ಅರ್ಜಿ 2 ವರ್ಷಕ್ಕಿಂತ ಹೆಚ್ಚು ಕಾಲ ಹಾಗೆಯೇ ಉಳಿದರೆ ಅದು ನಿಷ್ಕ್ರಿಯವಾಗುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡಬೇಕು. ಕಾರ್ಡಿನ ಬಣ್ಣ ನ್ಯೂನತೆಯ ಪ್ರಮಾಣವನ್ನು ಸೂಚಿಸುತ್ತದೆ. ಶೇ. 40ಕ್ಕಿಂತ ಕಡಿಮೆಯಿದ್ದರೆ ಬಿಳಿ, ಶೇ. 40ರಿಂದ 80ರೊಳಗೆ ಹಳದಿ, ಶೇ. 80 ಮತ್ತು ಹೆಚ್ಚಿದ್ದರೆ ನೀಲಿ. ಮುಂದೆ ಬದಲಾಗುವ ಸಾಧ್ಯತೆಯಿಲ್ಲದ ಸ್ಥಿತಿಗೆ ಶಾಶ್ವತ ಪ್ರಮಾಣಪತ್ರ, ಬದಲಾಗಬಹುದಾದ ಸ್ಥಿತಿಗೆ ಅವಧಿ ನಿಗದಿಪಡಿಸಿದ ತಾತ್ಕಾಲಿಕ ಪ್ರಮಾಣಪತ್ರ ನೀಡುತ್ತಾರೆ. ತಾತ್ಕಾಲಿಕವಾದರೆ ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿಡಿ.

ಒಂದು ವೇಳೆ ಪ್ರಮಾಣಪತ್ರ ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ನೀಡಬೇಕು ಎಂಬ ನಿಯಮವಿದೆ. ಬಾಯಿ ಮಾತಿನ "ಆಗುವುದಿಲ್ಲ" ಎಂಬುದನ್ನು ಕೇಳಿ ಹಿಂದಿರುಗಬೇಡಿ. ಲಿಖಿತ ಕಾರಣ ಕೈಯಲ್ಲಿದ್ದರೆ ಕಾಯಿದೆಯ 59ನೇ ಸೆಕ್ಷನ್ ಪ್ರಕಾರ ಮೇಲ್ಮನವಿ ಸಲ್ಲಿಸಬಹುದು.

ಒಬ್ಬಳಿಗೆ ನಾಲ್ಕು ಹೆಸರು

ನಮ್ಮ ಮನೆಗಳಲ್ಲಿ ಅರ್ಜಿ ಹಿಂದಿರುಗಲು ದೊಡ್ಡ ಕಾರಣ ಹೆಸರಿನ ಕಾಗುಣಿತ. ಆಧಾರ್‌ನಲ್ಲಿ ಫಾತಿಮಾ, ಶಾಲೆಯಲ್ಲಿ ಫಾತಿಮತ್, ರೇಶನ್ ಕಾರ್ಡಿನಲ್ಲಿ ಫಾತಿಮಾಬಿ, ಬ್ಯಾಂಕಿನಲ್ಲಿ ತಂದೆಯ ಹೆಸರನ್ನೂ ಸೇರಿಸಿ ಇನ್ನೊಂದು. ಮನೆಯವರಿಗೆ ನಾಲ್ವರೂ ಒಬ್ಬಳೇ. ಆದರೆ ಕಂಪ್ಯೂಟರಿಗೆ ಅವರು ನಾಲ್ಕು ಮಂದಿ. ಇಂಗ್ಲಿಷಿನಲ್ಲಿ ಒಂದು ಅಕ್ಷರ ಹೆಚ್ಚು ಕಡಿಮೆಯಾದರೂ ಹಣ ಖಾತೆಗೆ ಜಮೆಯಾಗದೆ ಉಳಿಯಬಹುದು.

ಆದ್ದರಿಂದ ಅರ್ಜಿ ಹಾಕುವ ಮೊದಲೇ ಎಲ್ಲ ಕಾಗದಗಳನ್ನು ಚಾಪೆಯ ಮೇಲೆ ಹರಡಿ ಹೆಸರು, ತಂದೆಯ ಹೆಸರು, ಜನ್ಮ ದಿನಾಂಕ, ವಿಳಾಸ ಈ ನಾಲ್ಕನ್ನು ಹೋಲಿಸಿ ನೋಡಿ. ಯಾವುದು ಸರಿಯೆಂದು ತೀರ್ಮಾನಿಸಿ ಉಳಿದವನ್ನು ಅದಕ್ಕೆ ಹೊಂದಿಸಿ. ಆಧಾರ್ ತಿದ್ದುಪಡಿಗೆ ಅವಸರ ಬೇಡ. ಅಲ್ಲಿ ಹೆಸರನ್ನು ಎರಡು ಬಾರಿ, ಜನ್ಮ ದಿನಾಂಕವನ್ನು ಒಂದು ಬಾರಿ ಮಾತ್ರ ಬದಲಾಯಿಸಲು ಅವಕಾಶವಿರುವುದು. ಜನನ ಪ್ರಮಾಣಪತ್ರವನ್ನು ಮುಂದಿಟ್ಟುಕೊಂಡೇ ತಿದ್ದಿಸಿ. ಚಿಕ್ಕಂದಿನಲ್ಲಿ ಆಧಾರ್ ಮಾಡಿಸಿದ ಮಕ್ಕಳ ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು 5 ಹಾಗೂ 15 ವರ್ಷ ತುಂಬಿದಾಗ ನವೀಕರಿಸಬೇಕು ಎಂಬುದೂ ನೆನಪಿರಲಿ.

ಕಾರ್ಡು ಬಂದರೆ ಹಣ ಬಾರದು

ಯುಡಿಐಡಿ ಕಾರ್ಡು ಸಿಕ್ಕಿತು, ಇನ್ನು ತಿಂಗಳು ತಿಂಗಳು ಹಣ ತಾನಾಗಿ ಬರುತ್ತದೆ ಎಂಬ ತಪ್ಪು ಕಲ್ಪನೆ ವ್ಯಾಪಕವಾಗಿದೆ. ಕಾರ್ಡು ಗುರುತು ಮಾತ್ರ. ಪ್ರತಿಯೊಂದು ಸವಲತ್ತಿಗೂ ಬೇರೆ ಅರ್ಜಿ, ಬೇರೆ ಕಚೇರಿ.

ಅಂಗವಿಕಲರ ಮಾಸಿಕ ವೇತನ ಕಂದಾಯ ಇಲಾಖೆಯದ್ದು. ಅದಕ್ಕೆ ಹೋಬಳಿ ಮಟ್ಟದ ನಾಡಕಚೇರಿಯಲ್ಲಿ, ಅಂದರೆ ಅಟಲ್‌ಜೀ ಜನಸ್ನೇಹಿ ಕೇಂದ್ರದಲ್ಲಿ ಅರ್ಜಿ ಹಾಕಬೇಕು. ಅಂಗವೈಕಲ್ಯ ಪ್ರಮಾಣಪತ್ರ, ಆಧಾರ್, ವಾಸ ಮತ್ತು ಆದಾಯದ ದಾಖಲೆ, ಬ್ಯಾಂಕ್ ಅಥವಾ ಅಂಚೆ ಖಾತೆಯ ವಿವರ ಬೇಕಾಗುತ್ತದೆ. ಗ್ರಾಮ ಆಡಳಿತ ಅಧಿಕಾರಿ, ಕಂದಾಯ ನಿರೀಕ್ಷಕರ ಪರಿಶೀಲನೆಯ ನಂತರ ಮಂಜೂರಾತಿ ಆದೇಶ ಬರುತ್ತದೆ. ಪರಿಶೀಲನೆಗೆ ಬಂದಾಗ ಮಗುವನ್ನು ಒಳಕೋಣೆಯಲ್ಲಿ ಕೂರಿಸಬೇಡಿ, ಕರೆತಂದು ತೋರಿಸಿ. ವೇತನದ ಮೊತ್ತ ನ್ಯೂನತೆಯ ಶೇಕಡಾವಾರಿಗೆ ತಕ್ಕಂತೆ ಬೇರೆ ಬೇರೆ. ಇದರಲ್ಲಿ ಕೇಂದ್ರದ ಪಾಲು ಸಣ್ಣದು. 18 ವರ್ಷ ದಾಟಿದ, ಶೇ. 80ಕ್ಕಿಂತ ಹೆಚ್ಚು ನ್ಯೂನತೆಯಿರುವ ಬಿಪಿಎಲ್ ಕುಟುಂಬದವರಿಗೆ ಕೇಂದ್ರದ ಪಿಂಚಣಿ 2012ರಲ್ಲಿ ತಿಂಗಳಿಗೆ 300 ರೂ.ಗೆ ಏರಿತ್ತು. ಉಳಿದದ್ದು ರಾಜ್ಯದ ಬೊಕ್ಕಸದಿಂದ. ಮೊತ್ತ ಸಣ್ಣದೆಂದು ಕಡೆಗಣಿಸುವವರಿದ್ದಾರೆ. ಆದರೆ ತನ್ನ ಹೆಸರಿನ ಖಾತೆಗೆ ಪ್ರತಿ ತಿಂಗಳು ಬರುವ ಹಣ ಮನೆಯಲ್ಲಿ ಆ ವ್ಯಕ್ತಿಯ ಸ್ಥಾನವನ್ನೇ ಬದಲಿಸುವುದುಂಟು. ಔಷಧಿಗೆ, ಒರೆಸುವ ಬಟ್ಟೆಗೆ, ಆಸ್ಪತ್ರೆಯ ರಿಕ್ಷಾಕ್ಕೆ ಅಣ್ಣನನ್ನೋ ಅತ್ತಿಗೆಯನ್ನೋ ಕೇಳಬೇಕಾದ ಮುಜುಗರ ಸ್ವಲ್ಪವಾದರೂ ತಪ್ಪುತ್ತದೆ.

ಅರ್ಜಿ ಕೊಟ್ಟಾಗ ಸ್ವೀಕೃತಿ ಪತ್ರವನ್ನು ಕೇಳಿ ಪಡೆಯಿರಿ. ಕರ್ನಾಟಕದಲ್ಲಿ 2011ರ ಸಕಾಲ ಕಾಯಿದೆಯಡಿ ನಿಗದಿತ ಸೇವೆಗಳನ್ನು ನಿಗದಿತ ದಿನಗಳೊಳಗೆ ನೀಡಬೇಕು. ತಡವಾದರೆ ದಿನಕ್ಕೆ 20 ರೂ.ನಂತೆ 500 ರೂ.ವರೆಗೆ ಪರಿಹಾರ ಕೇಳಲು ಅವಕಾಶವಿದೆ. ಸ್ವೀಕೃತಿ ಪತ್ರದಲ್ಲಿರುವ ಸಕಾಲ ಸಂಖ್ಯೆಯೇ ಅದಕ್ಕೆ ಸಾಕ್ಷಿ. ಹಣ ಬರಬೇಕಾದರೆ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಮಂಜೂರಾತಿಯಾಗಿಯೂ ಹಣ ಬಾರದಿದ್ದರೆ ಮೊದಲು ಬ್ಯಾಂಕಿನಲ್ಲಿ ಅದನ್ನೇ ವಿಚಾರಿಸಿ.

ಮಾಸಿಕ ವೇತನವಲ್ಲದೆ ಬಸ್ಸು ಮತ್ತು ರೈಲಿನ ರಿಯಾಯಿತಿ, ವಿದ್ಯಾರ್ಥಿ ವೇತನ, ಶ್ರವಣ ಸಾಧನ, ಗಾಲಿ ಕುರ್ಚಿ, ಅಂಧ ತಾಯಂದಿರಿಗೆ ಶಿಶುಪಾಲನಾ ಭತ್ಯೆ ಮುಂತಾದ ಯೋಜನೆಗಳೂ ಇವೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಮಹಿಳೆಯರಿಗೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತವಾದ್ದರಿಂದ ಮಗಳಿಗೆ ಪಾಸಿನ ಚಿಂತೆ ಕಡಿಮೆ. ಮಗನಿಗಾದರೋ ರಿಯಾಯಿತಿ ಪಾಸು ಮಾಡಿಸಲೇಬೇಕು. ಇವುಗಳ ವಿವರ ಜಿಲ್ಲಾ ಕೇಂದ್ರದಲ್ಲಿರುವ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯಲ್ಲಿ ಸಿಗುತ್ತದೆ.

ಯಂತ್ರಕ್ಕೆ ಗುರುತು ಸಿಗದವರು

ಎಲ್ಲವೂ ಆನ್‌ಲೈನ್ ಆದಾಗ ಹೊಸದೊಂದು ಕಷ್ಟ ಎದುರಾಯಿತು. ಬೆರಳುಗಳೇ ಇಲ್ಲದವರು ಬೆರಳಚ್ಚು ಕೊಡುವುದೆಂತು? ಕಣ್ಣಿಲ್ಲದವರು ಕ್ಯಾಮರಾದತ್ತ ನೋಡುವುದೆಂತು? ಅಂತಹವರಿಗೆ ಆಧಾರ್ ಇಲ್ಲ ಎನ್ನುವಂತಿಲ್ಲ. ಬೆರಳಚ್ಚು ಸಾಧ್ಯವಿಲ್ಲದವರಿಗೆ ಕಣ್ಣಿನ ಗುರುತು, ಕಣ್ಣಿನ ಗುರುತು ಸಾಧ್ಯವಿಲ್ಲದವರಿಗೆ ಬೆರಳಚ್ಚು, ಎರಡೂ ಸಾಧ್ಯವಿಲ್ಲದವರಿಗೆ ಫೋಟೋ ಮತ್ತು ವಿವರಗಳ ಆಧಾರದಲ್ಲಿ ನೋಂದಣಿ ಮಾಡಲು ನಿಯಮವಿದೆ. 2023ರ ಡಿಸೆಂಬರ್‌ನಲ್ಲಿ ಕೇರಳದಲ್ಲಿ ಬೆರಳುಗಳಿಲ್ಲದ ಮಹಿಳೆಯೊಬ್ಬರಿಗೆ ಆಧಾರ್ ನಿರಾಕರಿಸಿದ ಪ್ರಕರಣ ಬೆಳಕಿಗೆ ಬಂದಾಗ ಕೇಂದ್ರ ಸರಕಾರ ಈ ನಿಯಮವನ್ನು ಮತ್ತೊಮ್ಮೆ ಸ್ಪಷ್ಟಪಡಿಸಿತ್ತು. ಕೇಂದ್ರದ ಸಿಬ್ಬಂದಿಗೆ ಗೊತ್ತಿಲ್ಲದಿದ್ದರೆ ನೀವು ನೆನಪಿಸಬೇಕಾದೀತು.

ಇನ್ನೊಂದು ಮಹತ್ವದ ತೀರ್ಪು 2025ರ ಎಪ್ರಿಲ್ 30ರಂದು ಸುಪ್ರೀಂ ಕೋರ್ಟಿನಿಂದ ಬಂತು. ಆಸಿಡ್ ದಾಳಿಯಿಂದ ಬದುಕುಳಿದ ಪ್ರಜ್ಞಾ ಪ್ರಸೂನ್ ಅವರಿಗೆ ಬ್ಯಾಂಕ್ ಖಾತೆ ತೆರೆಯುವಾಗ ಕ್ಯಾಮರಾದ ಮುಂದೆ ಕಣ್ಣು ಮಿಟುಕಿಸಿ ತೋರಿಸಬೇಕೆಂಬ ಷರತ್ತು ಎದುರಾಗಿತ್ತು. ಸುಟ್ಟು ಹೋದ ಕಣ್ರೆಪ್ಪೆಯನ್ನು ಮಿಟುಕಿಸುವುದಾದರೂ ಹೇಗೆ? ಅವರು ಕೋರ್ಟಿನ ಮೆಟ್ಟಿಲೇರಿದರು. ದೃಷ್ಟಿದೋಷವಿರುವವರ ಅರ್ಜಿಯನ್ನೂ ಜೊತೆಗೆ ವಿಚಾರಣೆ ನಡೆಸಿದ ನ್ಯಾಯಾಲಯ, ಆನ್‌ಲೈನ್ ಸೇವೆಯನ್ನು ಬಳಸುವ ಅವಕಾಶವು ಸಂವಿಧಾನದ 21ನೇ ವಿಧಿ ನೀಡಿರುವ ಬದುಕುವ ಹಕ್ಕಿನ ಭಾಗ ಎಂದು ಹೇಳಿತು. ಕಣ್ಣು ಮಿಟುಕಿಸುವುದಕ್ಕೆ ಬದಲಿ ವಿಧಾನಗಳಿರಬೇಕು, ಕಾಗದದ ಮೂಲಕ ಗುರುತು ದೃಢಪಡಿಸುವ ದಾರಿಯನ್ನೂ ತೆರೆದಿಡಬೇಕು ಎಂದು ನಿರ್ದೇಶನ ನೀಡಿತು. ಆದ್ದರಿಂದ "ಯಂತ್ರ ತೆಗೆದುಕೊಳ್ಳುತ್ತಿಲ್ಲ" ಎಂಬುದು ಕೊನೆಯ ಮಾತಲ್ಲ. ಯಂತ್ರ ಸೋತಾಗ ಮನುಷ್ಯ ಕೆಲಸ ಮಾಡಬೇಕು.

ಸಹಾಯ ಯಾರಲ್ಲಿ ಕೇಳಬೇಕು?

"ಇಷ್ಟು ಕೊಡಿ, ಎಲ್ಲ ಮಾಡಿಸಿಕೊಡುತ್ತೇನೆ" ಎನ್ನುವ ದಲ್ಲಾಳಿಗಳು ಆಸ್ಪತ್ರೆಯ ಅಂಗಳದಲ್ಲೇ ಸಿಗುತ್ತಾರೆ. ಅವರ ಬಲೆಗೆ ಬೀಳಬೇಡಿ. ಸುಳ್ಳು ಪ್ರಮಾಣಪತ್ರದಿಂದ ಸವಲತ್ತು ಪಡೆದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂ.ವರೆಗೆ ದಂಡ, ಇಲ್ಲವೇ ಎರಡೂ ವಿಧಿಸಬಹುದು. ಶಿಕ್ಷೆ ಅನುಭವಿಸಬೇಕಾದವರು ಕಾರ್ಡಿನಲ್ಲಿ ಹೆಸರಿರುವವರೇ ಹೊರತು ದಲ್ಲಾಳಿಯಲ್ಲ.

ಹಣ ಕೇಳದೆ ನೆರವಾಗಬೇಕಾದವರು ನಮ್ಮ ಊರಿನಲ್ಲೇ ಇದ್ದಾರೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯತ್ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಪಟ್ಟಣಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ವಿಕಲಚೇತನರ ಮನೆಗಳನ್ನು ಗುರುತಿಸಿ ಸವಲತ್ತು ತಲುಪಿಸುವುದೇ ಅವರ ಕೆಲಸ. ಅವರಲ್ಲಿ ಅನೇಕರು ಸ್ವತಃ ವಿಕಲಚೇತನರು. ಪಂಚಾಯತಿಗೆ ಹೋಗಿ ಅವರ ಹೆಸರು, ಫೋನ್ ನಂಬರ್ ಕೇಳಿ ತಿಳಿದುಕೊಳ್ಳಿ.

ಅರ್ಜಿ ಕಚೇರಿಯಲ್ಲಿ ಕೊಳೆಯುತ್ತಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅದರ ಸ್ಥಿತಿಗತಿಯನ್ನು ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕು. ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ. ಕಾನೂನು ನೆರವು ಬೇಕಾದರೆ ನ್ಯಾಯಾಲಯದ ಆವರಣದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಯನ್ನು ಸಂಪರ್ಕಿಸಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಮಹಿಳೆಯರು ಮತ್ತು ವಿಕಲಚೇತನರು ಉಚಿತ ವಕೀಲರ ನೆರವಿಗೆ ಅರ್ಹರು. ಇದಕ್ಕೆ ಆದಾಯದ ಮಿತಿಯೂ ಇಲ್ಲ. ಹಕ್ಕು ನಿರಾಕರಿಸಲ್ಪಟ್ಟರೆ ವಿಕಲಚೇತನರ ರಾಜ್ಯ ಆಯುಕ್ತರಿಗೂ ದೂರು ಸಲ್ಲಿಸಬಹುದು.

ತಾಯಿಯ ನಂತರ

ಹೆಚ್ಚಿನ ಹೆತ್ತವರಿಗೆ ತಿಳಿಯದ ಒಂದು ವಿಷಯವಿದೆ. ಮಗುವಿಗೆ 18 ವರ್ಷ ತುಂಬಿದೊಡನೆ ಕಾನೂನಿನ ದೃಷ್ಟಿಯಲ್ಲಿ ಅದು ವಯಸ್ಕ. ಬುದ್ಧಿಮಾಂದ್ಯ ಮಗನ ಹೆಸರಿನ ಖಾತೆ ನಿರ್ವಹಿಸಲು, ಆಸ್ತಿಯ ಕಾಗದಕ್ಕೆ ಅವನ ಪರವಾಗಿ ಸಹಿ ಹಾಕಲು ಹೆತ್ತ ತಾಯಿಗೂ ತಾನಾಗಿ ಅಧಿಕಾರವಿರುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ನ್ಯೂನತೆ ಇರುವವರಿಗಾಗಿ 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಇದಕ್ಕೊಂದು ದಾರಿ ಮಾಡಿದೆ. ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಯ ನೇತೃತ್ವದಲ್ಲಿರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಿ ಕಾನೂನುಬದ್ಧ ಪೋಷಕರ ನೇಮಕ ಮಾಡಿಸಿಕೊಳ್ಳಬಹುದು. ತಂದೆ ತಾಯಿಗೆ ವಯಸ್ಸಾಗಿದ್ದರೆ ನಂಬಿಕೆಯ ಸಂಬಂಧಿಯೊಬ್ಬರ ಹೆಸರಿಗೂ ಮನವಿ ಮಾಡಬಹುದು. ತಾಯಿ ಬದುಕಿರುವಾಗಲೇ ಇದು ನಡೆದರೆ ಮುಂದೆ ಒಡಹುಟ್ಟಿದವರ ಮಧ್ಯೆ ಜಗಳ, ಗೊಂದಲಗಳಿಗೆ ಆಸ್ಪದ ಕಡಿಮೆ.

ಇದೇ ನಾಲ್ಕು ವಿಧದ ನ್ಯೂನತೆಯವರಿಗೆ ನಿರಾಮಯ ಎಂಬ ಆರೋಗ್ಯ ವಿಮೆಯೂ ಇದೆ. ವರ್ಷಕ್ಕೆ 1 ಲಕ್ಷ ರೂ.ವರೆಗಿನ ಈ ವಿಮೆಗೆ ನೋಂದಣಿ ಶುಲ್ಕ ಬಿಪಿಎಲ್ ಕುಟುಂಬಕ್ಕೆ 250 ರೂ., ಇತರರಿಗೆ 500 ರೂ. ವಿಮೆಗೆ ಮುಂಚೆ ವೈದ್ಯಕೀಯ ಪರೀಕ್ಷೆ ಬೇಕಿಲ್ಲ. ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಚಿಕಿತ್ಸೆ, ಥೆರಪಿಗಳ ಖರ್ಚನ್ನೂ ಮಿತಿಗೊಳಪಟ್ಟು ಭರಿಸುತ್ತದೆ. ಆದರೆ ಮೊದಲು ನೀವು ಖರ್ಚು ಮಾಡಿ ಬಿಲ್ಲು ಸಲ್ಲಿಸಬೇಕಾಗುವುದರಿಂದ ಒಂದೊಂದು ಬಿಲ್ಲನ್ನೂ ಕಾಪಾಡಬೇಕು. ಕುಟುಂಬದಲ್ಲಿ ಯಾರಾದರೂ ಕೇಂದ್ರ ಸರಕಾರಿ ನೌಕರರಾಗಿದ್ದರೆ, ದುಡಿಯಲಾಗದ ವಿಕಲಚೇತನ ಮಗ ಅಥವಾ ಮಗಳಿಗೆ ಜೀವನಪರ್ಯಂತ ಕುಟುಂಬ ಪಿಂಚಣಿ ಪಡೆಯುವ ಅವಕಾಶವಿದೆ. ನೌಕರರು ಬದುಕಿರುವಾಗಲೇ ಆ ಹೆಸರನ್ನು ದಾಖಲೆಗೆ ಸೇರಿಸಿಕೊಳ್ಳುವುದು ಜಾಣತನ.

ಈ ಎಲ್ಲದಕ್ಕೂ ಬೇಕಾದುದು ಒಂದು ಕಡತ. ದುಬಾರಿಯದ್ದೇನೂ ಬೇಡ, ಶಾಲಾ ಮಕ್ಕಳ ಪ್ಲಾಸ್ಟಿಕ್ ಫೈಲು ಸಾಕು. ಅದರಲ್ಲಿ ಜನನ ಪ್ರಮಾಣಪತ್ರ, ಆಧಾರ್ ಪ್ರತಿ, ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡಿನ ಪ್ರತಿ, ಪಾಸ್‌ಬುಕ್ಕಿನ ಮೊದಲ ಪುಟದ ಪ್ರತಿ, ಮಂಜೂರಾತಿ ಆದೇಶ, ಸ್ವೀಕೃತಿ ಪತ್ರಗಳು, ಚಿಕಿತ್ಸೆಯ ದಾಖಲೆಗಳು, 6 ಫೋಟೋಗಳು ಇರಲಿ. ಮೇಲಿನ ಹಾಳೆಯಲ್ಲಿ ನಿಮ್ಮ ಕೈಬರಹದಲ್ಲೇ ಮಗುವಿನ ರಕ್ತದ ಗುಂಪು, ಔಷಧಿಗಳು, ಅದಕ್ಕೆ ಇಷ್ಟವಾದ ಊಟ, ಭಯಪಡುವ ವಸ್ತು, ಸಮಾಧಾನಪಡಿಸುವ ರೀತಿ, ಕಾರ್ಡು ನವೀಕರಿಸಬೇಕಾದ ದಿನಾಂಕ ಎಲ್ಲವನ್ನೂ ಬರೆದಿಡಿ. ಮೂಲ ಪ್ರತಿಗಳನ್ನು ಯಾವ ಕಚೇರಿಗೂ ಬಿಟ್ಟುಬರಬೇಡಿ, ತೋರಿಸಿ ಹಿಂದಕ್ಕೆ ತನ್ನಿ. ಕಡತ ಎಲ್ಲಿದೆ ಎಂಬುದು ಮನೆಯಲ್ಲಿ ಕನಿಷ್ಠ ಇನ್ನಿಬ್ಬರಿಗೆ ಗೊತ್ತಿರಲಿ.

ಓದಿದ ಹೆಣ್ಣು ಮಕ್ಕಳು ನಮ್ಮ ಓಣಿಗಳಲ್ಲಿ ಈಗ ಕಡಿಮೆಯೇನಿಲ್ಲ. ಪ್ರತಿಯೊಬ್ಬರ ಕೈಯಲ್ಲೂ ಫೋನಿದೆ. ರಜಾ ದಿನದ ಒಂದು ಮಧ್ಯಾಹ್ನವನ್ನು ನೆರೆಮನೆಯ ವಿಕಲಚೇತನ ಸಹೋದರಿಯ ಅರ್ಜಿ ತುಂಬಲು ಮೀಸಲಿಟ್ಟರೆ ಅದಕ್ಕಿಂತ ದೊಡ್ಡ ಸಮಾಜ ಸೇವೆ ಬೇಕೇ? ಜಮಾಅತ್‌ನವರು ವರ್ಷಕ್ಕೊಂದು ದಿನ ಪುನರ್ವಸತಿ ಕಾರ್ಯಕರ್ತರನ್ನು ಕರೆಸಿ ಮೊಹಲ್ಲಾದ ವಿಕಲಚೇತನರ ಪಟ್ಟಿ ಮಾಡಿಸಬಹುದು. ಆಸ್ಪತ್ರೆಯ ದಿನ ಒಂದು ವಾಹನದ ವ್ಯವಸ್ಥೆ ಮಾಡಬಹುದು. ಗಂಡ ಊರಲ್ಲಿಲ್ಲದ ತಾಯಿಯ ಜೊತೆ ಸರದಿಯ ಸಾಲಿನಲ್ಲಿ ನಿಲ್ಲಲು ಒಬ್ಬರು ಹೋಗಬಹುದು. ಇದಕ್ಕೆ ಹಣಕ್ಕಿಂತ ಹೆಚ್ಚಾಗಿ ಸಮಯ ಮತ್ತು ಮನಸ್ಸು ಬೇಕು.

ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಇನ್ನೂ ಅರ್ಜಿ ಹಾಕದ ಒಬ್ಬರಿದ್ದರೆ ಈ ವಾರವೇ ಮೊದಲ ಕೆಲಸ ಆರಂಭಿಸಿ: ಅವರ ಆಧಾರ್ ಮತ್ತು ಜನನ ಪ್ರಮಾಣಪತ್ರವನ್ನು ಪಕ್ಕಪಕ್ಕದಲ್ಲಿಟ್ಟು ಹೆಸರು ಒಂದೇ ರೀತಿ ಇದೆಯೇ ಎಂದು ನೋಡಿ. ಉಳಿದ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಬಹುದು.